ದಾರಿಯ ಬುತ್ತಿ: ಯಾರ ಹೆಗಲಿಗೆ ಎಷ್ಟು ಭಾರ?



ಪೊಂಗಲ್ ಹಬ್ಬ ಮುಗಿದ ಮೇಲಿನ ಒಂದು ಶನಿವಾರ ನಮ್ಮ ಎಂಟನೇ ತರಗತಿಯ ಇಪ್ಪತ್ತೆರಡು ಮಕ್ಕಳನ್ನು ಕರೆದುಕೊಂಡು ತೀರ್ಥಮಲೆಗೆ ಹೊರಟಿದ್ದೆವು. ಮೊರಪ್ಪೂರಿನಿಂದ ಹರೂರಿನ ತನಕ ಬಸ್ಸು. ಅಲ್ಲಿಂದ ಸುಮಾರು 16 ಕಿಲೋಮೀಟರ್ ಕಾಲ್ನಡಿಗೆ. ರಾತ್ರಿ ಬೆಟ್ಟದ ಕೆಳಗೆ ತಂಗಿ, ಬೆಳಿಗ್ಗೆ ಬೆಟ್ಟ ಹತ್ತಿ, ಬಸ್ಸಿನಲ್ಲಿ ವಾಪಸ್ಸು ಬರುವುದೆಂದು ಲೆಕ್ಕ. ಹೊರಡುವ ಮುಂಚೆ ನನಗೊಂದು ಯೋಚನೆ ಬಂತು. ಗಣಿತದ ಪಾಠವೂ ಆಯಿತು ಅಂತ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಎಲ್ಲರ ಚೀಲವನ್ನೂ ತೂಗಿಸಿದೆ. ನನ್ನದನ್ನೂ ಸೇರಿಸಿ!

ಒಬ್ಬ ಹುಡುಗನ ಚೀಲ 9 ಕಿಲೋ ತೂಗಿತು. ಎರಡು ಲೀಟರಿನ ಎರಡು ನೀರಿನ ಬಾಟಲಿ, ಮೂರು ಅಂತಸ್ತಿನ ಟಿಫಿನ್ ಕ್ಯಾರಿಯರ್ ತುಂಬ ಚಿತ್ರಾನ್ನ, ದಪ್ಪ ಜಮಖಾನ, ಸಾಲದ್ದಕ್ಕೆ ಒಂದು ಕ್ರಿಕೆಟ್ ಬ್ಯಾಟು. ಒಬ್ಬಳು ಹುಡುಗಿಯ ಬಟ್ಟೆಚೀಲ ಎರಡು ಕಿಲೋ ಮೇಲೆ ಸ್ವಲ್ಪ. ಅದನ್ನು ಕಟ್ಟಿಕೊಟ್ಟವರು ಅವಳ ಅಜ್ಜಿ. ರಾಗಿ ಹುರಿಹಿಟ್ಟು, ಒಂದು ಅಚ್ಚು ಬೆಲ್ಲ, ಹುರಿದ ಕಡಲೆಕಾಯಿ ಬೀಜ, ಒಂದು ಲೋಟ, ಒಂದು ಸಣ್ಣ ಬಾಟಲಿ ನೀರು, ಹೊದೆಯಲು ಹಳೇ ಹತ್ತಿ ಸೀರೆ, ಒಂದು ಜೊತೆ ಬಟ್ಟೆ. ಅಷ್ಟೇ. ನನ್ನ ಚೀಲ ಆರೂವರೆ ಕಿಲೋ.

ಹತ್ತು ಕಿಲೋಮೀಟರ್ ಆಗುವ ಹೊತ್ತಿಗೆ ಬಿಸಿಲು ಏರಿತು. ಒಂಬತ್ತು ಕಿಲೋದ ಹುಡುಗ ಕೂತುಬಿಟ್ಟ. ಅವನ ಸ್ನೇಹಿತರು ಚಿತ್ರಾನ್ನವನ್ನು ಹಂಚಿಕೊಂಡು ತಿಂದು ಅವನ ಭಾರ ಇಳಿಸಿದರು. ಅದು ಸುಲಭವಾಯಿತು. ಆದರೆ ನನ್ನ ಭುಜವೂ ನೋಯುತ್ತಿತ್ತು. ಆಗ ಒಬ್ಬ ಹುಡುಗ ಹತ್ತಿರ ಬಂದು, "ಕೊಡಿ ಸಾರ್, ನಾನು ಎತ್ಕೊಳ್ತೀನಿ" ಅಂದ. ಯಾವತ್ತೂ ಇಲ್ಲ ಅನ್ನದ ಹುಡುಗ ಅವನು. ಮನೆಯಲ್ಲಿ ಕಷ್ಟ, ರಜೆ ದಿನಗಳಲ್ಲಿ ಅಪ್ಪನ ಜೊತೆ ಕೂಲಿಗೆ ಹೋಗುವವನು. ನಾನು ಕೊಟ್ಟುಬಿಟ್ಟೆ. ಉಳಿದ ಆರು ಕಿಲೋಮೀಟರ್ ಅವನು ಹಿಂದೊಂದು ಮುಂದೊಂದು ಚೀಲ ಹಾಕಿಕೊಂಡು ನಡೆದ. ನಾನು ಕೈಬೀಸಿಕೊಂಡು ನಡೆಯುತ್ತಾ ಮಕ್ಕಳಿಗೆ ದಾರಿಯ ಮರಗಳ ಹೆಸರು ಹೇಳಿಕೊಡುತ್ತಿದ್ದೆ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ನಾನು ಪಾಠ ಮಾಡುವ ಇತಿಹಾಸದಲ್ಲೇ ಇದಕ್ಕೆ ಉತ್ತರವಿದೆಯಲ್ಲ ಅನ್ನಿಸಿತು. ಹಾಗಾಗಿ ಈ ಲೇಖನ. ದೂರ ನಡೆಯುವವರು ಏನು ಹೊರುತ್ತಿದ್ದರು, ಏನು ತಿನ್ನುತ್ತಿದ್ದರು, ಮುಖ್ಯವಾಗಿ ಆ ಭಾರ ಯಾರ ಹೆಗಲ ಮೇಲಿತ್ತು ಅಂತ ಸ್ವಲ್ಪ ನೋಡೋಣ.

ಅಜ್ಜಿಯ ಲೆಕ್ಕ

ದಾರಿಗೆ ಕಟ್ಟಿಕೊಳ್ಳುವ ಊಟಕ್ಕೆ ಕನ್ನಡದಲ್ಲಿ 'ಬುತ್ತಿ' ಅನ್ನುತ್ತೇವೆ. ನಮ್ಮ ಸುತ್ತಿನ ತಮಿಳಿನಲ್ಲಿ 'ಕಟ್ಟುಚ್ಚೋರು', ಅಂದರೆ ಕಟ್ಟಿದ ಅನ್ನ. ಒಂದು ಹೊತ್ತಿನ, ಹೆಚ್ಚೆಂದರೆ ಒಂದು ದಿನದ ದಾರಿಗೆ ಹುಣಸೆಹುಳಿ ಹಾಕಿದ ಅನ್ನ ಕೆಡದೆ ಉಳಿಯುತ್ತದೆ. ಉತ್ತರ ಕರ್ನಾಟಕದವರು ಅನ್ನಕ್ಕೆ ಹಾಲು ಹೆಚ್ಚಾಗಿ, ಮೊಸರು ಒಂದಿಷ್ಟೇ ಹಾಕಿ ಕಲಸುತ್ತಾರೆ. ದಾರಿಯಲ್ಲಿ ಹೋಗುತ್ತಾ ಹೋಗುತ್ತಾ ಅದು ತಾನೇ ಹದವಾದ ಮೊಸರನ್ನವಾಗುತ್ತದೆ. ಎಂಥ ಜಾಣತನ ನೋಡಿ!

ಆದರೆ ಎರಡು ದಿನ ಮೀರಿದರೆ ಅನ್ನ ನಡೆಯುವುದಿಲ್ಲ. ಕೆಡುತ್ತದೆ ಅನ್ನುವುದೊಂದೇ ಕಾರಣವಲ್ಲ, ಭಾರವೂ ಕಾರಣ. ಬೆಂದ ಅನ್ನದಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ನೀರೇ ಇರುತ್ತದೆ. 100 ಗ್ರಾಂ ಅನ್ನದಲ್ಲಿ ಸಿಗುವ ಶಕ್ತಿ ಸುಮಾರು 130 ಕ್ಯಾಲೊರಿ. ಅದೇ 100 ಗ್ರಾಂ ರಾಗಿಹಿಟ್ಟಿನಲ್ಲಿ 320ಕ್ಕೂ ಹೆಚ್ಚು, ಅವಲಕ್ಕಿಯಲ್ಲಿ ಸುಮಾರು 350, ಬೆಲ್ಲದಲ್ಲಿ ಸುಮಾರು 380, ಕಡಲೆಕಾಯಿ ಬೀಜದಲ್ಲಿ 550ಕ್ಕೂ ಮೇಲೆ. ರಾಗಿಯಲ್ಲಿ ಮೂಳೆಗೆ ಬೇಕಾದ ಸುಣ್ಣದ ಅಂಶವೂ ಧಾರಾಳ. 100 ಗ್ರಾಂಗೆ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ.

ನಮ್ಮ ಹುಡುಗಿಯ ಅಜ್ಜಿ ಕ್ಯಾಲೊರಿ ಅನ್ನುವ ಪದ ಕೇಳಿದವರಲ್ಲ. ಆದರೆ ರಾಗಿಗೆ ನೀರು ಚಿಮುಕಿಸಿ, ಕಾದ ಬಾಣಲೆಯಲ್ಲಿ ಅರಳುವಂತೆ ಹುರಿದು, ಬೀಸಿ, ಜರಡಿ ಹಿಡಿದರೆ ಅದಕ್ಕೆ ಮುಂದೆ ಒಲೆ ಬೇಡ ಅನ್ನುವುದು ಅವರಿಗೆ ಗೊತ್ತು. ಲೋಟಕ್ಕೆ ಹಿಟ್ಟು ಹಾಕಿ, ಬೆಲ್ಲ ಪುಡಿಮಾಡಿ, ನೀರೋ ಮಜ್ಜಿಗೆಯೋ ಬೆರೆಸಿದರೆ ಊಟ ಸಿದ್ಧ. ಪಾತ್ರೆ ಬೇಡ, ಸೌದೆ ಬೇಡ, ಸೀಮೆಎಣ್ಣೆ ಬೇಡ. ಅವರನ್ನು ಕೇಳಿದಾಗ ನಕ್ಕುಬಿಟ್ಟು, "ನೀರು ದಾರೀಲಿ ಸಿಗ್ತದೆ ಸಾರ್, ಅದನ್ನ್ಯಾಕೆ ಅನ್ನದೊಳಗೆ ಇಟ್ಟು ಹೊರಬೇಕು?" ಅಂದರು. ಆಹಾರ ವಿಜ್ಞಾನದ ಒಂದು ಅಧ್ಯಾಯವನ್ನೇ ಒಂದು ಮಾತಿನಲ್ಲಿ ಹೇಳಿದ ಹಾಗಾಯಿತು.

ಮಾದಪ್ಪನ ದಾರಿ, ಮಲ್ಲಯ್ಯನ ದಾರಿ

ಅಜ್ಜಿ ಇದನ್ನು ಕಲಿತದ್ದು ಮಲೆ ಮಹದೇಶ್ವರ ಬೆಟ್ಟದ ದಾರಿಯಲ್ಲಿ. ಸೇಲಂ, ಧರ್ಮಪುರಿ ಕಡೆಯ ಭಕ್ತರು ಮೇಟೂರು, ಕೊಳತ್ತೂರು, ಪಾಲಾರ್ ಮೇಲೆ ಬೆಟ್ಟಕ್ಕೆ ಹೋಗುತ್ತಾರೆ. ಬೆಟ್ಟ ಆಗ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ರಾಜ್ಯಗಳ ಗಡಿ ಬಂದದ್ದು ಆಮೇಲೆ, ನಡೆಯುವವರ ದಾರಿ ಅದಕ್ಕೂ ಹಳೆಯದು.

ಇನ್ನೂ ದೊಡ್ಡ ನಡಿಗೆ ಶ್ರೀಶೈಲದ್ದು. ಹನ್ನೆರಡನೇ ಶತಮಾನದಲ್ಲಿ ಅಕ್ಕಮಹಾದೇವಿ ಕದಳಿಯನ್ನು ಹುಡುಕಿಕೊಂಡು ಹೋದದ್ದು ಅಲ್ಲಿಗೇ. ಈಗಲೂ ಯುಗಾದಿಯ ಸಮಯದಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಸಾವಿರಾರು ಜನ ಕಂಬಿ ಹೊತ್ತು, ಮಲ್ಲಯ್ಯನನ್ನು ನೆನೆಯುತ್ತಾ ನೂರಾರು ಕಿಲೋಮೀಟರ್ ನಡೆಯುತ್ತಾರೆ. ಕೊನೆಯಲ್ಲಿ ನಲ್ಲಮಲ ಕಾಡು. ಆತ್ಮಕೂರಿನ ಕಡೆಯಿಂದ ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಲನು ದಾಟಿ ಕೈಲಾಸ ದ್ವಾರ. ಬಿಸಿಲುಗಾಲ, ಕಲ್ಲುದಾರಿ, ನೀರು ಅಪರೂಪ.

ಅವರ ಬುತ್ತಿ ಏನು ಗೊತ್ತೇ? ಕಟಕ ರೊಟ್ಟಿ. ಜೋಳದ್ದೋ ಸಜ್ಜೆಯದೋ ರೊಟ್ಟಿಯನ್ನು ತೆಳ್ಳಗೆ ಬಡಿದು, ಸುಟ್ಟು, ನೀರಿನ ಪಸೆ ಇಲ್ಲದಂತೆ ಒಣಗಿಸುತ್ತಾರೆ. ವಾರಗಟ್ಟಲೆ ಇಟ್ಟರೂ ಬೂಸ್ಟು ಹಿಡಿಯುವುದಿಲ್ಲ. ಜೊತೆಗೆ ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ, ಗುರೆಳ್ಳು ಪುಡಿ. ಎಲ್ಲವೂ ಎಣ್ಣೆಕಾಳು, ಅಂದರೆ ಕಡಿಮೆ ತೂಕದಲ್ಲಿ ಹೆಚ್ಚು ಶಕ್ತಿ. ಹೊದಿಕೆಯೇ ಹಾಸಿಗೆ, ಟವೆಲ್ಲೇ ಟೋಪಿ, ಅದೇ ಸೋಸುವ ಬಟ್ಟೆ. ಒಂದು ವಸ್ತು ಮೂರು ಕೆಲಸ ಮಾಡಬೇಕು. ಮಾಡದಿದ್ದರೆ ಅದು ಮನೆಯಲ್ಲೇ ಇರಲಿ ಅನ್ನುವುದು ಅವರ ಕಟ್ಟಳೆ. ದಾರಿಯ ಊರಿನವರು ದಾಸೋಹ ಮಾಡಿ ಊಟ, ನೀರು, ಮಜ್ಜಿಗೆ ಕೊಡುತ್ತಾರೆ. ಹಾಗಾಗಿ ಚೀಲ ಇನ್ನಷ್ಟು ಹಗುರ. ಇತ್ತೀಚೆಗೆ ಗುಂಪಿನ ಹಿಂದೆ ಸಾಮಾನು ಹೊತ್ತ ಟ್ರ್ಯಾಕ್ಟರು, ಟೆಂಪೋಗಳೂ ಬರುತ್ತವೆ, ಅದು ಬೇರೆ ಮಾತು.

ಎತ್ತು ಸತ್ತರೆ ಯುದ್ಧ ನಿಂತಿತು

ಯಾತ್ರಿಕರಿಗೆ ಭಾರ ಅಂದರೆ ಭುಜನೋವು. ಸೈನ್ಯಕ್ಕಾದರೆ ಸೋಲು. ನಮ್ಮ ಬಾರಾಮಹಲ್ ಸೀಮೆಯ ಚರಿತ್ರೆಯಲ್ಲೇ ಇದಕ್ಕೆ ಸಾಕ್ಷಿ ಇದೆ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರ ಅರಕೆರೆಯಲ್ಲಿ ಟಿಪ್ಪುವಿನ ಸೈನ್ಯವನ್ನು ಹಿಮ್ಮೆಟ್ಟಿಸಿದ. ಗೆದ್ದರೂ ಕೋಟೆಗೆ ಮುತ್ತಿಗೆ ಹಾಕಲಾಗಲಿಲ್ಲ. ಮಳೆ, ರೋಗ, ಮೇವಿಲ್ಲದೆ ಸತ್ತ ಎತ್ತುಗಳು, ಮುಗಿದ ದವಸ. ಎಳೆಯಲು ಎತ್ತಿಲ್ಲದ ಕಾರಣ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಬೇಕಾಯಿತು. ಮರುವರ್ಷ ಮತ್ತೆ ಬಂದಾಗ ಲಂಬಾಣಿಗಳ ಎತ್ತಿನ ಹಿಂಡುಗಳು ಧಾನ್ಯ ಹೊತ್ತು ಜೊತೆಗಿದ್ದವು. 1792ರ ಒಪ್ಪಂದದಲ್ಲಿ ಬಾರಾಮಹಲ್ ಕಂಪನಿಯ ಕೈಸೇರಿತು. ಧರ್ಮಪುರಿಯಲ್ಲಿ ಥಾಮಸ್ ಮನ್ರೋ ಬಂದು ನೆಲೆಸಿದ್ದು ಆಮೇಲೆಯೇ.

ಮೈಸೂರಿನವರಿಗೆ ಈ ಲೆಕ್ಕ ಮೊದಲೇ ಗೊತ್ತಿತ್ತು. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ' ಮುಂದೆ ಟಿಪ್ಪುವಿನ ಕಾಲದಲ್ಲಿ 'ಅಮೃತ್ ಮಹಲ್' ಆಯಿತು. ಆ ತಳಿಯ ಎತ್ತುಗಳ ಬಲದಿಂದ ಹೈದರಾಲಿ ಚಿದಂಬರದ ರಕ್ಷಣೆಗೆ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿದನೆಂದು ಮೈಸೂರು ಗೆಜೆಟಿಯರ್ ದಾಖಲಿಸಿದೆ.

ಆದರೆ ಎಲ್ಲ ಕಡೆ ಎತ್ತು ಇರಲಿಲ್ಲ. ಬ್ರಿಟಿಷ್ ಅಧಿಕಾರಿಗಳು ಬೆಟ್ಟಗಾಡುಗಳಲ್ಲಿ ಪ್ರವಾಸ ಹೊರಟರೆ ಡೇರೆ, ಮೇಜು, ಕುರ್ಚಿ, ಪೆಟ್ಟಿಗೆಗಳು ಹಳ್ಳಿಗರ ತಲೆಯ ಮೇಲೆ ಹೋಗುತ್ತಿದ್ದವು. ಹಿಮಾಲಯದ ಕುಮಾವೂಂ ಸೀಮೆಯಲ್ಲಿ ಇದಕ್ಕೆ 'ಕೂಲಿ ಬೇಗಾರ್' ಅನ್ನುತ್ತಿದ್ದರು, ನಮ್ಮ ಮಾತಿನಲ್ಲಿ ಬಿಟ್ಟಿ ಚಾಕರಿ. ಯಾವ ಊರಿನವರು ಯಾವಾಗ ಹೊರಬೇಕು ಅನ್ನುವುದಕ್ಕೆ ದಾಖಲೆ ಪುಸ್ತಕವೇ ಇತ್ತು. 1921ರ ಜನವರಿಯಲ್ಲಿ, ನಾವು ಪೊಂಗಲ್ ಆಚರಿಸುವ ಮಕರ ಸಂಕ್ರಾಂತಿಯ ಜಾತ್ರೆಯಲ್ಲಿ, ಬಾಗೇಶ್ವರದಲ್ಲಿ ಬದ್ರಿದತ್ತ ಪಾಂಡೆ ಮುಂತಾದವರ ಜೊತೆ ಸೇರಿದ ಜನ ಇನ್ನು ಹೊರುವುದಿಲ್ಲ ಎಂದು ಪಣ ತೊಟ್ಟು, ಆ ಪುಸ್ತಕಗಳನ್ನು ಸರಯೂ ನದಿಗೆ ಎಸೆದರು. ಬೇರೆಯವರ ಭಾರವನ್ನು ಬಲವಂತಕ್ಕೆ ಹೊರುವುದಿಲ್ಲ ಅನ್ನುವುದೂ ಸ್ವಾತಂತ್ರ್ಯ ಹೋರಾಟವೇ!

ದಂಡಿಯ ಚೀಲ

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. 1930ರ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿಯಿಂದ ದಂಡಿಗೆ ಹೊರಟಾಗ ಜೊತೆಗೆ 78 ಜನ. ಸುಮಾರು 385 ಕಿಲೋಮೀಟರ್, 24 ದಿನದ ದಾರಿ. ಆ ಗುಂಪಿನಲ್ಲಿದ್ದ ಒಬ್ಬನೇ ಕನ್ನಡಿಗ ಹಾವೇರಿ ಸೀಮೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. 1911ರ ಜೂನ್‌ನಲ್ಲಿ ಹುಟ್ಟಿದ ಅವನಿಗೆ ಆಗಿನ್ನೂ ಹದಿನೆಂಟು, ನಮ್ಮ ಪ್ಲಸ್ ಟೂ ಮುಗಿಸಿದ ಮಕ್ಕಳ ವಯಸ್ಸು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಲಿಯಾದ ವೀರ ಅವನೇ.

ಅವರು ಹೊತ್ತದ್ದೇನು? ಹೆಗಲಿಗೊಂದು ಖಾದಿ ಚೀಲ. ಅದರಲ್ಲಿ ಹಾಸಿಗೆ ಸುರುಳಿ, ಒಂದು ಜೊತೆ ಬಟ್ಟೆ, ನೂಲಲು ತಕಲಿ, ದಿನಚರಿ ಪುಸ್ತಕ, ನೀರು ಕುಡಿಯಲು ಲೋಟ. ಊಟದ ಪಟ್ಟಿಯನ್ನು ಗಾಂಧೀಜಿ ಮೊದಲೇ 'ನವಜೀವನ'ದಲ್ಲಿ ಪ್ರಕಟಿಸಿದ್ದರು. ಬೆಳಿಗ್ಗೆ ಗಂಜಿಯಂಥ ರಾಬ್ ಮತ್ತು ಢೇಬ್ರಾ, ಮಧ್ಯಾಹ್ನ ಭಾಕ್ರಿ, ತರಕಾರಿ, ಹಾಲು ಅಥವಾ ಮಜ್ಜಿಗೆ. ಸಂಜೆ ಹುರಿದ ಕಡಲೆ, ರಾತ್ರಿ ಖಿಚಡಿ. ತರಕಾರಿ ಬರೀ ಬೇಯಿಸಿರಬೇಕು, ಎಣ್ಣೆ, ಖಾರ, ಮಸಾಲೆ ಬೇಡ. ಸಿಹಿತಿಂಡಿ ಕೂಡದು. ತುಪ್ಪ ದಿನಕ್ಕೆ ತಲೆಗೆ ಮೂರು ತೊಲ ಮೀರಬಾರದು, ಅಂದರೆ ಸುಮಾರು 35 ಗ್ರಾಂ. ಹಳ್ಳಿಯವರು ಮಲಗಲು ಶುದ್ಧವಾದ ಜಾಗ ತೋರಿಸಿದರೆ ಸಾಕು, ಹಾಸಿಗೆ ನಾವೇ ತರುತ್ತೇವೆ ಎಂಬ ಸೂಚನೆಯೂ ಇತ್ತು. ದಿನದ ಕೊನೆಗೆ ಹಳ್ಳಿಯ ಬಡವರಿಗೆ ತಮ್ಮಿಂದ ಹೊರೆಯಾಗಬಾರದು ಅನ್ನುವುದೇ ಇಡೀ ಪಟ್ಟಿಯ ಅರ್ಥ.

ಇಷ್ಟು ಕಟ್ಟುನಿಟ್ಟಾಗಿದ್ದರೂ ತಪ್ಪಿತು. ಭಕ್ತಿಯಿಂದಲೋ ಉತ್ಸಾಹದಿಂದಲೋ ಕಾರ್ಯಕರ್ತರು ಸೂರತ್ತಿನಿಂದ ಲಾರಿಯಲ್ಲಿ ಹಾಲು ತರಿಸಿದರು. ರಾತ್ರಿ ನಡಿಗೆಗೆ ದೊಡ್ಡ ಕಿಟ್ಸನ್ ದೀಪಗಳನ್ನು ತಂದರು. ಆ ಭಾರವಾದ ಸೀಮೆಎಣ್ಣೆ ದೀಪವನ್ನು ಒಬ್ಬ ಬಡ ಕೂಲಿಯವನ ತಲೆಯ ಮೇಲೆ ಹೊರಿಸಿ, ಬೇಗ ಬೇಗ ನಡೆ ಎಂದು ಅವಸರ ಮಾಡುತ್ತಿದ್ದರು. ಗಾಂಧೀಜಿ ಅದನ್ನು ಕಣ್ಣಾರೆ ಕಂಡರು. ಮಾರ್ಚ್ 29ರಂದು ಭಾಟಗಾಮ್ ಎಂಬ ಹಳ್ಳಿಯಲ್ಲಿ ಜನರೆದುರೇ ತಮ್ಮನ್ನೂ ತಮ್ಮವರನ್ನೂ ತರಾಟೆಗೆ ತೆಗೆದುಕೊಂಡರು. ಮಾರ್ಚ್ 2ರಂದು ಅವರು ವೈಸ್‌ರಾಯ್‌ಗೆ ಪತ್ರ ಬರೆದಿದ್ದರಲ್ಲ? ನಿಮ್ಮ ತಿಂಗಳ ಸಂಬಳ 21,000 ರೂಪಾಯಿ, ಸಾಮಾನ್ಯ ಭಾರತೀಯನ ಆದಾಯದ ಐದು ಸಾವಿರ ಪಟ್ಟಿಗೂ ಹೆಚ್ಚು, ಎಂದು ಕೇಳಿದ್ದರು. ನಾವೇ ಬಡವನ ತಲೆಯ ಮೇಲೆ ದೀಪ ಹೊರಿಸಿ, ಲಾರಿಯ ಹಾಲು ಕುಡಿದು ನಡೆದರೆ ಆ ಪತ್ರ ಬರೆಯುವ ಹಕ್ಕು ನಮಗೆಲ್ಲಿದೆ ಎಂಬುದೇ ಅವರ ಪ್ರಶ್ನೆ.

ಈ ಪಾಠವನ್ನು ಹತ್ತಾರು ಸಲ ತರಗತಿಯಲ್ಲಿ ಹೇಳಿದ್ದೇನೆ ಮಿತ್ರರೇ. ದಂಡಿ ತಲುಪಿದ ದಿನಾಂಕ, ಉಪ್ಪು ಎತ್ತಿದ ದಿನಾಂಕ ಬೋರ್ಡಿನ ಮೇಲೆ ಬರೆಸಿದ್ದೇನೆ. ದೀಪ ಹೊತ್ತವನ ಕಥೆಯನ್ನು ಮಾತ್ರ ಪರೀಕ್ಷೆಗೆ ಬರುವುದಿಲ್ಲ ಅಂತ ಬಿಟ್ಟಿದ್ದೆ.

ಮರದಲ್ಲಿ ತೂಗಿದ ಪೊಟ್ಟಣ

ದಂಡಿ ದೂರವಾಯಿತು ಅನ್ನುವವರಿಗೆ ನಮ್ಮ ಕಡೆಯವರದ್ದೇ ಕಥೆ ಇದೆ. ಹೊಸೂರಿನ ಹತ್ತಿರದ ತೊರಪ್ಪಳ್ಳಿಯಲ್ಲಿ 1878ರಲ್ಲಿ ಹುಟ್ಟಿ, ಸೇಲಂನಲ್ಲಿ ವಕೀಲರಾಗಿದ್ದ ರಾಜಾಜಿಯವರು 1930ರ ಏಪ್ರಿಲ್ 13ರಂದು ತಿರುಚಿರಾಪಳ್ಳಿಯಿಂದ ವೇದಾರಣ್ಯಕ್ಕೆ ಸುಮಾರು ನೂರು ಸ್ವಯಂಸೇವಕರ ಜೊತೆ ಹೊರಟರು. 150 ಮೈಲಿ ದಾರಿ. ತಂಜಾವೂರಿನ ಕಲೆಕ್ಟರ್ ಥಾರ್ನ್, ಈ ಜನರಿಗೆ ಊಟ ಅಥವಾ ಆಶ್ರಯ ಕೊಟ್ಟವರಿಗೆ ಜೈಲು ಶಿಕ್ಷೆ ಎಂದು ಸಾರಿದ.

ಆಗ ಹಳ್ಳಿಯವರು ಏನು ಮಾಡಿದರು? ಊಟದ ಪೊಟ್ಟಣ ಕಟ್ಟಿ ದಾರಿಬದಿಯ ಮರದ ಕೊಂಬೆಗಳಿಗೆ ತೂಗುಹಾಕಿದರು. ಯಾರು ಕೊಟ್ಟರು ಅನ್ನುವುದಕ್ಕೆ ಸಾಕ್ಷಿಯೇ ಇಲ್ಲ! ಏಪ್ರಿಲ್ 28ರಂದು ಅವರು ವೇದಾರಣ್ಯ ಸೇರಿದರು. ಇದೂ ಭಾರ ಹಂಚಿಕೊಂಡದ್ದೇ. ಆದರೆ ದೀಪ ಹೊತ್ತವನಿಗೂ ಪೊಟ್ಟಣ ಕಟ್ಟಿದವರಿಗೂ ಎಷ್ಟು ವ್ಯತ್ಯಾಸ ನೋಡಿ. ಒಬ್ಬನನ್ನು ಓಡಿಸುತ್ತಿದ್ದರು. ಇನ್ನೊಬ್ಬರನ್ನು ತಡೆಯಲು ಸರ್ಕಾರಕ್ಕೂ ಆಗಲಿಲ್ಲ.

ಹಗುರ ಚೀಲದ ಅಮೆರಿಕದ ಅಜ್ಜಿ

ಈಗ ಹೊರದೇಶಗಳಲ್ಲಿ ದೂರದ ನಡಿಗೆಗೆ ಅತಿ ಹಗುರದ ಡೇರೆ, ಒಲೆ, ಒಣಗಿಸಿದ ಊಟದ ಪ್ಯಾಕೆಟ್ಟು ಎಲ್ಲ ಬಂದಿವೆ. ಊಟ, ನೀರು, ಇಂಧನ ಬಿಟ್ಟು ಉಳಿದ ಚೀಲದ ತೂಕ ನಾಲ್ಕೂವರೆ ಕಿಲೋ ಒಳಗಿದ್ದರೆ ಅದು 'ಅಲ್ಟ್ರಾಲೈಟ್' ಅಂತೆ. 1990ರ ದಶಕದಲ್ಲಿ ರೇ ಜಾರ್ಡಿನ್ ಎಂಬವರು ಇದನ್ನು ಪ್ರಚಾರ ಮಾಡಿದರು. ಅದಕ್ಕೂ ಮೊದಲೇ, 1955ರಲ್ಲಿ, ಹನ್ನೊಂದು ಮಕ್ಕಳ ತಾಯಿ ಎಮ್ಮಾ ಗೇಟ್‌ವುಡ್ ತಮ್ಮ 67ನೇ ವಯಸ್ಸಿನಲ್ಲಿ ಅಮೆರಿಕದ ಅಪಲೇಶಿಯನ್ ಹಾದಿಯನ್ನು, ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರವನ್ನು, ಒಬ್ಬರೇ ನಡೆದು ಮುಗಿಸಿದರು. ಮನೆಯಲ್ಲೇ ಹೊಲಿದ ಬಟ್ಟೆಚೀಲ, ಕ್ಯಾನ್ವಾಸ್ ಬೂಟು, ಮಳೆಗೆ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ. ನಮ್ಮ ಹುರಿಹಿಟ್ಟಿನ ಅಜ್ಜಿಗೆ ಈ ಕಥೆ ಹೇಳಿದರೆ ಬಹಳ ಖುಷಿಪಟ್ಟರು.

ನಮ್ಮ ಮಕ್ಕಳಿಗೊಂದು ಪಟ್ಟಿ

ಇಷ್ಟೆಲ್ಲ ಓದಿದ ಮೇಲೆ ಎರಡು ದಿನದ ಶಾಲಾ ನಡಿಗೆಗೆ ಒಂದು ಪಟ್ಟಿ ಮಾಡಿದ್ದೇನೆ. ಬೇಕಾದವರು ಬಳಸಿಕೊಳ್ಳಿ.

1. ಚೀಲದ ಒಟ್ಟು ತೂಕ ಮಗುವಿನ ತೂಕದ ಹತ್ತನೇ ಒಂದು ಭಾಗ ಮೀರಬಾರದು. 2020ರ ಶಾಲಾ ಬ್ಯಾಗ್ ನೀತಿ ಪುಸ್ತಕದ ಚೀಲಕ್ಕೆ ಹೇಳುವುದೂ ಇದನ್ನೇ. 40 ಕಿಲೋ ತೂಗುವ ಮಗುವಿಗೆ 4 ಕಿಲೋ.

2. ಹುರಿಹಿಟ್ಟು 300 ಗ್ರಾಂ, ಅವಲಕ್ಕಿ 200, ಕಡಲೆಕಾಯಿ ಬೀಜ 150, ಬೆಲ್ಲ 100. ಒಟ್ಟು ಮುಕ್ಕಾಲು ಕಿಲೋ. ಇದರಲ್ಲಿ ಸಿಗುವ ಶಕ್ತಿಗೆ ಅನ್ನ ಹೊರಬೇಕಾದರೆ ಎರಡು ಕಿಲೋಗೂ ಹೆಚ್ಚು ಬೇಕು. ಮೊದಲ ಮಧ್ಯಾಹ್ನಕ್ಕೆ ಮಾತ್ರ ಹುಳಿಯನ್ನ, ಬಾಳೆಲೆಯಲ್ಲಿ ಕಟ್ಟಿದ್ದು. ಡಬ್ಬಿಯ ತೂಕ ಉಳಿಯುತ್ತದೆ.

3. ನೀರು ಒಂದು ಲೀಟರ್, ಅಂದರೆ ಒಂದು ಕಿಲೋ. ಎಲ್ಲೆಲ್ಲಿ ಕುಡಿಯುವ ನೀರು ಸಿಗುತ್ತದೆ ಎಂದು ಶಿಕ್ಷಕರು ಮೊದಲೇ ಹೋಗಿ ನೋಡಿ ಬರಬೇಕು. ಬೇಸಿಗೆಯಲ್ಲಿ ನೀರಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ.

4. ಹೊದೆಯಲು ಹತ್ತಿ ಸೀರೆ ಅಥವಾ ಪಂಚೆ, ಒಂದು ಟವೆಲ್, ಒಂದು ಜೊತೆ ಬಟ್ಟೆ, ಸಣ್ಣ ಟಾರ್ಚು. ಹೊಸ ಚಪ್ಪಲಿ ಬೇಡ, ಕಾಲಿಗೆ ಒಗ್ಗಿದ್ದು ಇರಲಿ.

5. ಔಷಧಿ ಪೆಟ್ಟಿಗೆ, ಹಗ್ಗದಂಥ ಎಲ್ಲರಿಗೂ ಬೇಕಾದ ಸಾಮಾನನ್ನು ಸರದಿ ಪ್ರಕಾರ ಹೊರಬೇಕು. ಸರದಿಯ ಪಟ್ಟಿಯಲ್ಲಿ ಮೊದಲ ಹೆಸರು ಮೇಷ್ಟರದ್ದು.

ತೀರ್ಥಮಲೆಯಿಂದ ಬಂದ ಸೋಮವಾರ ಭಾಟಗಾಮ್ ಕಥೆಯನ್ನು ಎಂಟನೇ ತರಗತಿಗೆ ಪೂರ್ತಿ ಹೇಳಿದೆ. ದೀಪ ಹೊತ್ತವನ ಭಾಗ ಬಂದಾಗ ತರಗತಿ ಸುಮ್ಮನಾಯಿತು. ಕೆಲವರು ತಿರುಗಿ ಆ ಹುಡುಗನ ಕಡೆ ನೋಡಿದರು. ಮಕ್ಕಳಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ, ಅವರಿಗೆ ತಾನಾಗಿ ತಿಳಿಯುತ್ತದೆ. "ನನ್ನ ಚೀಲ ನಾನೇ ಹೊರಬೇಕಿತ್ತಪ್ಪ, ತಪ್ಪಾಯಿತು" ಅಂದೆ. ಅವನು ಎದ್ದು ನಿಂತು, "ಪರವಾಗಿಲ್ಲ ಸಾರ್, ಅಷ್ಟೇನ್ ಭಾರ ಇರ್ಲಿಲ್ಲ" ಅಂದ.

ಆರೂವರೆ ಕಿಲೋ. ನಾನೇ ತಕ್ಕಡಿಯಲ್ಲಿ ನೋಡಿದ್ದೆ.

ಮುಂದಿನ ನಡಿಗೆ ಮೊರಪ್ಪೂರಿನಿಂದ ಧರ್ಮಪುರಿಗೆ. 1906ರಲ್ಲಿ ಈ ಎರಡು ಊರುಗಳ ನಡುವೆ ಚಿಕ್ಕ ಗೇಜಿನ ರೈಲು ಬಂದಿತ್ತು, 1941ರಲ್ಲಿ ನಿಂತುಹೋಯಿತು. ಆ ಹಳೇ ದಾರಿಯ ಗುರುತು ಹುಡುಕುತ್ತಾ ಹೋಗಬೇಕೆಂದು ಮಕ್ಕಳ ಆಸೆ. ಈ ಸಲ ನನ್ನ ಚೀಲ ಮೂರೂವರೆ ಕಿಲೋಗೆ ಇಳಿದಿದೆ. ಅಜ್ಜಿಯೇ ಹುರಿಹಿಟ್ಟು ಮಾಡಿಕೊಡುತ್ತೇನೆ ಅಂದಿದ್ದಾರೆ.

ನಿಮ್ಮ ಮನೆಯ ಹಿರಿಯರು ದೂರದ ದಾರಿಗೆ ಏನು ಬುತ್ತಿ ಕಟ್ಟುತ್ತಿದ್ದರು? ಮಕ್ಕಳಿಂದ ಕೇಳಿಸಿ, ಬರೆಸಿ ಇಡಿ. ಅದೂ ನಮ್ಮ ಇತಿಹಾಸವೇ ಅಲ್ಲವೇ?